ಹಲಗೆಯ ಮೇಲೆ ಹೆಣೆದ ವೈರಿಂಗ್ ಕಿಟ್: ಹಳೆಯ ಮರ್ಸಿಡಿಸ್ ಇ 220 ಜೊತೆ ನನ್ನ ಅನುಭವ

ನನ್ನ ಹಳೆಯ ಕಾರಿನ ಎಂಜಿನ್ ವೈರುಗಳ ಇಡೀ ಕಟ್ಟನ್ನು, ಅಂದರೆ ವೈರಿಂಗ್ ಕಿಟ್ಟನ್ನು, ನಾನೇ ಹೊಸದಾಗಿ ಹೆಣೆದು ಕೂರಿಸಿ ಮೂರು ಮಳೆಗಾಲ ಕಳೆದಿವೆ. ಗಾಡಿ ಸುಮಾರು 26 ಸಾವಿರ ಕಿಲೋಮೀಟರ್ ಓಡಿದೆ, ಸಂಪಾಜೆ ಘಾಟಿಯನ್ನು ಐದಾರು ಸಲ ಹತ್ತಿ ಇಳಿದಿದೆ. ಒಂದು ದಿನವೂ ಮಿಸ್ಸಿಂಗ್ (ಸಿಲಿಂಡರ್ ಕೈಕೊಡುವುದು) ಇಲ್ಲ, ದಾರಿಯಲ್ಲಿ ನಿಂತದ್ದಿಲ್ಲ. ಇನ್ನು ಬರೆಯಬಹುದು. ಕಿಟ್ ಕೂರಿಸಿದ ವಾರದಲ್ಲೇ ಬರೆದಿದ್ದರೆ "ಆರು ತಿಂಗಳು ತಡೆಯಿರಿ, ಆಮೇಲೆ ಮಾತಾಡೋಣ" ಎನ್ನುತ್ತಿದ್ದವರಿಗೆ ನನ್ನಲ್ಲಿ ಉತ್ತರ ಇರುತ್ತಿರಲಿಲ್ಲ.

ನನ್ನದು 1996ರ ಮರ್ಸಿಡಿಸ್ ಇ 220, ಡಬ್ಲ್ಯು 124 ಮಾದರಿ, ಪುಣೆ ಪಕ್ಕದ ಪಿಂಪ್ರಿಯಲ್ಲಿ ಜೋಡಿಸಿದ್ದು. ಜರ್ಮನಿಯಲ್ಲಿ 1984ರಲ್ಲಿ ಹೊರಬಂದ ಈ ಮಾದರಿಗೆ ನಮ್ಮಲ್ಲಿ ಜೋಡಣೆ ಶುರುವಾದದ್ದು 1995ರಲ್ಲಿ. ಅಲ್ಲಿ ಅದೇ ವರ್ಷ ಮುಂದಿನ ಮಾದರಿ ಬಂದಾಗಿತ್ತು. ಎಂ 111 ಎಂಜಿನ್, 2199 ಸಿಸಿ, 150 ಅಶ್ವಶಕ್ತಿ, ಐದು ಗೇರಿನ ಮ್ಯಾನ್ಯುವಲ್. ಮೈಸೂರಿನಲ್ಲೇ ಒಬ್ಬ ನಿವೃತ್ತ ವೈದ್ಯರಿಂದ ಎರಡೂವರೆ ಲಕ್ಷಕ್ಕೆ ಕೊಂಡೆ. ಬಾಗಿಲು ಮುಚ್ಚಿದಾಗ ಬರುವ ಆ ಗಟ್ಟಿ ಸದ್ದು ಕೇಳಿಯೇ ಮುಂಗಡ ಕೊಟ್ಟಿದ್ದೆ. ಬಾನೆಟ್ ಎತ್ತಿ ವೈರು ಮುಟ್ಟಿ ನೋಡಬೇಕೆಂದು ಆಗ ಹೊಳೆಯಲಿಲ್ಲ.

ತೊಂದರೆ ಶುರುವಾದದ್ದು ಎರಡನೇ ಬೇಸಿಗೆಯಲ್ಲಿ. ಬೆಳಗ್ಗೆ ತಣ್ಣಗಿರುವಾಗ ಎಂಜಿನ್ ರೇಷ್ಮೆಯಂತೆ ನಡೆಯುತ್ತಿತ್ತು. ಇಪ್ಪತ್ತು ನಿಮಿಷ ಓಡಿಸಿ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಐಡ್ಲಿಂಗ್ (ನಿಂತಲ್ಲಿ ಎಂಜಿನ್ ತಿರುಗುವ ವೇಗ) ನಿಮಿಷಕ್ಕೆ 500 ಸುತ್ತಿಗೂ 1100 ಸುತ್ತಿಗೂ ಜೋಕಾಲಿ ಆಡುತ್ತಿತ್ತು. ಮುಂದೆ ಎರಡು ಸಿಲಿಂಡರ್ ಒಟ್ಟಿಗೆ ಕೈಕೊಡತೊಡಗಿದವು. ಈ ಎಂಜಿನ್‌ನಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಎರಡು ಕಾಯಿಲ್, ಒಂದೊಂದಕ್ಕೂ ಎರಡೆರಡು ಸಿಲಿಂಡರ್ ಎಂಬುದು ಇಟ್ಟುಕೊಂಡವರಿಗೆ ಗೊತ್ತೇ ಇದೆ. ಹಾಗಾಗಿ ಎಲ್ಲರ ಕೈಯೂ ಕಾಯಿಲ್ ಕಡೆಗೇ ತೋರಿಸಿತು. ಪ್ಲಗ್, ಕಾಯಿಲ್, ಪ್ಲಗ್ ವೈರ್, ಕೊನೆಗೆ ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್ ಮಾಸ್ ಮೀಟರ್ ಎಲ್ಲ ಬದಲಾದವು. ಅರವತ್ತು ಸಾವಿರದ ಆಚೀಚೆ ಹೋಯಿತು. ಪ್ರತಿ ಸಲವೂ ಒಂದು ವಾರ ಸರಿ, ಮತ್ತೆ ಅದೇ ಕಥೆ.

ಒಂದು ಭಾನುವಾರ ಪೆಟ್ರೋಲ್ ಚಿಮ್ಮಿಸುವ ಮೂರನೇ ಇಂಜೆಕ್ಟರ್‌ನ ಕಪ್ಲರ್, ಅಂದರೆ ವೈರು ಸಿಕ್ಕಿಸುವ ತುದಿಯನ್ನು, ಕೀಳುತ್ತಿದ್ದೆ. ವೈರನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿದೆ ಅಷ್ಟೆ, ಮೇಲಿನ ಇನ್ಸುಲೇಷನ್ ಕರಿದ ಹಪ್ಪಳದ ಹಾಗೆ ಮುರಿದು ಅಂಗೈಗೆ ಉದುರಿತು. ಒಳಗೆ ಬೆತ್ತಲೆ ತಾಮ್ರ. ಟೇಪು ಬಿಚ್ಚುತ್ತಾ ಹೋದರೆ ಸಿಲಿಂಡರ್ ಹೆಡ್‌ನ ಉದ್ದಕ್ಕೂ ಅದೇ ಸ್ಥಿತಿ. ಎಂಜಿನ್ ಕಾದಾಗ ಬೆತ್ತಲೆ ವೈರುಗಳು ಒಂದಕ್ಕೊಂದು ತಾಗುತ್ತಿದ್ದವು, ತಣ್ಣಗಾದಾಗ ಬಿಡುತ್ತಿದ್ದವು. ತೊಂಬತ್ತರ ದಶಕದ ನಡುವಿನ ಈ ಎಂಜಿನ್‌ಗಳ ವೈರು ಹೀಗೆ ಪುಡಿಯಾಗುತ್ತದೆ ಎಂದು ಕೇಳಿದ್ದೆ. ನನ್ನ ಗಾಡಿಯಲ್ಲೂ ಹಾಗೇ ಆಗಿರಬಹುದೆಂದು ಎಣಿಸಿರಲಿಲ್ಲ.

ಬೆಂಗಳೂರಿನ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. "ಸರ್, ಇದನ್ನು ಕೈಯಲ್ಲಿ ಮಾಡುವುದು ಆಗದ ಮಾತು. ಹೊರಗಿನಿಂದ ತರಿಸಿ, ಇಲ್ಲವೇ ಗುಜರಿಗೆ ಕೊಡಿ" ಎಂದರು. ಹೊರಗಿನಿಂದ ತರಿಸಲು ಸುಂಕ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ ಬೀಳುತ್ತಿತ್ತು. ಅದೂ ಎಡಗೈ ಡ್ರೈವಿಂಗ್‌ನ ಕಿಟ್, ನಮ್ಮದಕ್ಕೆ ಉದ್ದ ಸರಿಹೋಗುತ್ತದೆ ಎಂದು ಯಾರೂ ಬರೆದು ಕೊಡಲಿಲ್ಲ. ಗುಜರಿಯಲ್ಲಿ ಹಳೆಯ ಕಿಟ್ ಹನ್ನೆರಡು ಸಾವಿರಕ್ಕೆ ಸಿಗುತ್ತಿತ್ತು, ಆದರೆ ಅದಕ್ಕೂ ಅಷ್ಟೇ ವಯಸ್ಸು, ಅದೇ ಹಪ್ಪಳ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಉದುರಿದ ಜಾಗಕ್ಕೆ ಸ್ಲೀವ್ ತೂರಿಸಿ ಬಿಸಿ ಗಾಳಿ ಹಿಡಿದೆ, ಮೇಲೆ ಟೇಪು ಸುತ್ತಿದೆ. ಒಂದು ಕಡೆ ಮುಚ್ಚುವಾಗ ವೈರು ಅಲುಗಿ ನಾಲ್ಕು ಬೆರಳು ಆಚೆ ಹೊಸದಾಗಿ ಬಿರುಕು ಬಿಡುತ್ತಿತ್ತು. ಅದು ಟೇಪಿನೊಳಗೆ ಕಾಣುತ್ತಿರಲಿಲ್ಲ. ಮಂಡ್ಯ ದಾಟಿದ ಮೇಲೆ ಒಂದು ಸಂಜೆ ಗಾಡಿ ನಿಂತೇಹೋಯಿತು. ಶಾರ್ಟ್ ಆಗಿ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಒಳಗೆ ಕಾಯಿಲ್ ನಡೆಸುವ ಟ್ರಾನ್ಸಿಸ್ಟರ್ ಸುಟ್ಟಿತ್ತು. ನಮ್ಮ ಬಡಾವಣೆಯಲ್ಲಿ ಹಳೆಯ ಟಿವಿ ರಿಪೇರಿ ಮಾಡುವವರೊಬ್ಬರು ಅದನ್ನು ಕಿತ್ತು ಹೊಸದು ಹಾಕಿಕೊಟ್ಟು ಎಂಟು ನೂರು ರೂಪಾಯಿ ತೆಗೆದುಕೊಂಡರು. ಬೇರೆ ಇಸಿಎಂ ಹುಡುಕಿದ್ದರೆ ಮೂವತ್ತೈದು ಸಾವಿರ. ಅವರ ಕೈಗೆ ನಾನು ಇವತ್ತಿಗೂ ಋಣಿ. ತೇಪೆಯ ಸಹವಾಸ ಸಾಕು, ತುದಿಯಿಂದ ತುದಿಗೆ ಪೂರ್ತಿ ಹೊಸದನ್ನೇ ಹೆಣೆಯಬೇಕು ಎಂದು ತೀರ್ಮಾನಿಸಿದ್ದು ಆ ರಾತ್ರಿ.

ಆರು ಅಡಿ ಉದ್ದದ ಪ್ಲೈವುಡ್ ಹಲಗೆ ತಂದೆ. ಹಳೆಯ ಕಿಟ್ಟನ್ನು ಗಾಡಿಯಿಂದ ಬಿಚ್ಚುವ ಮೊದಲೇ ಪ್ರತಿ ಕವಲಿನ ಉದ್ದವನ್ನು ಗಾಡಿಯ ಮೇಲೆಯೇ ನೂಲಿನಿಂದ ಅಳೆದುಕೊಂಡೆ. ಬಿಚ್ಚಿದ ಮೇಲೆ ಅಳೆದರೆ ತಿರುವುಗಳ ಲೆಕ್ಕ ತಪ್ಪಿಹೋಗುತ್ತದೆ. ಆಮೇಲೆ ಹಳೆಯದನ್ನು ಹಲಗೆಯ ಮೇಲೆ ಹಾಸಿ, ಪ್ರತಿ ಕವಲು ಒಡೆಯುವಲ್ಲಿ ಎರಡು ಮೊಳೆ, ತುದಿಯಲ್ಲಿ ಒಂದು ಮೊಳೆ, ಪಕ್ಕದಲ್ಲಿ ಪೆನ್ಸಿಲ್ ಬರಹ. ಹೂ ಕಟ್ಟುವವರು ದಾರ ಹಿಡಿಯುವ ಹಾಗೆ ವೈರು ಹಿಡಿದು ಹೋಗುವುದಷ್ಟೇ ಉಳಿದದ್ದು.

ಬಣ್ಣದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಪ್ಪು ವೈರು ಕಂಡರೆ ಅರ್ತ್ (ಬ್ಯಾಟರಿಯ ಮೈನಸ್‌ಗೆ ಸೇರುವ ವೈರು) ಎಂದುಕೊಳ್ಳುತ್ತಾರೆ. ಜರ್ಮನ್ ಗಾಡಿಗಳಲ್ಲಿ ಅರ್ತ್ ಎಂದರೆ ಕಂದು, ಅದರ ಸಂಖ್ಯೆ 31. ಕಪ್ಪು ಹೆಚ್ಚಿನ ಕಡೆ 15, ಅಂದರೆ ಕೀಲಿ ತಿರುಗಿಸಿದಾಗ ಕರೆಂಟ್ ಬರುವ ವೈರು. ಸಹಾಯಕ್ಕೆ ಬಂದ ಹುಡುಗ ಟೆಸ್ಟರ್‌ನ ಕ್ಲಿಪ್ಪನ್ನು ಅರ್ತ್ ಎಂದುಕೊಂಡು ಕಪ್ಪಿಗೆ ಸಿಕ್ಕಿಸಿ ಎರಡು ಫ್ಯೂಸ್ ಹಾರಿಸಿದ. ಅವತ್ತಿನಿಂದ ನನ್ನ ಹಲಗೆಯಲ್ಲಿ ಕಂದು ಬಿಟ್ಟು ಬೇರೆ ಯಾವ ಬಣ್ಣವೂ ಅರ್ತ್ ಆಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂದು ಸಿಗಲು ನಾಲ್ಕು ಅಂಗಡಿ ಅಲೆಯಬೇಕು, ಅಲೆಯಿರಿ.

ಮೊದಲ ಕಿಟ್ಟಿಗೆ ಜೆ.ಸಿ. ರಸ್ತೆಯಲ್ಲಿ ಸಿಗುವ ಮಾಮೂಲಿ ಪಿವಿಸಿ ಆಟೋ ವೈರ್ ಹಾಕಿದೆ. ಅಗ್ಗ, ಎಲ್ಲ ಬಣ್ಣವೂ ಸಿಗುತ್ತದೆ. ಐದು ತಿಂಗಳಿಗೆ ಹೆಡ್ ಪಕ್ಕದ ಭಾಗ ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿತು. ಎರಡನೆಯದಕ್ಕೆ ಸಿಲಿಕಾನ್ ವೈರ್. ಕಾವಿಗೆ ಏನೂ ಆಗಲಿಲ್ಲ, ಆದರೆ ಬಹಳ ಮೃದು. ಫೈರ್‌ವಾಲ್ (ಎಂಜಿನ್ ಮತ್ತು ಸೀಟುಗಳ ನಡುವಿನ ತಗಡಿನ ಗೋಡೆ) ತೂತಿನ ರಬ್ಬರ್ ಬಳೆಯ ಹತ್ತಿರ ತಗಡಿನ ಅಂಚಿಗೆ ತಾಗಿ ಚಾಕುವಿನಿಂದ ಕೊಯ್ದಂತೆ ಸೀಳಿತು. ಬೆಂಗಳೂರಿನ ಆ ಎಲೆಕ್ಟ್ರಿಷಿಯನ್ ಅವರಿಂದ "ನಾನು ಹೇಳಿರಲಿಲ್ಲವೇ" ಎಂಬ ಫೋನು ಬಂದದ್ದು ಆಗಲೇ.

ಮೂರನೆಯದಕ್ಕೆ ಪಿಟಿಎಫ್ಇ, ಅಂದರೆ ಅಂಗಡಿಯವರ ಮಾತಿನಲ್ಲಿ ಟೆಫ್ಲಾನ್ ವೈರ್. ಬೆಳ್ಳಿ ಲೇಪದ ತಾಮ್ರ, ಇನ್ನೂರು ಡಿಗ್ರಿ ಕಾವಿಗೂ ಜಗ್ಗುವುದಿಲ್ಲ. ಮೀಟರಿಗೆ ಐವತ್ತು ರೂಪಾಯಿಯ ಹತ್ತಿರ, ಹಾಳಾದದ್ದೂ ಸೇರಿ ನೂರು ಮೀಟರ್ ತಂದಿದ್ದೆ. ಇದಕ್ಕೂ ಒಂದು ಕೆಟ್ಟ ಗುಣವಿದೆ: ಪ್ಲಾಸ್ಟಿಕ್ ಟೈ ಬಿಗಿಯಾಗಿ ಎಳೆದರೆ ಒತ್ತಡದ ಜಾಗದಲ್ಲಿ ಇನ್ಸುಲೇಷನ್ ನಿಧಾನವಾಗಿ ಪಕ್ಕಕ್ಕೆ ಸರಿದು ತೆಳುವಾಗುತ್ತದೆ. ಟೈ ಎಲ್ಲ ಕತ್ತರಿಸಿ ಎಸೆದು ಕಾವು ತಡೆಯುವ ಬಟ್ಟೆ ಟೇಪನ್ನು ಸಡಿಲವಾಗಿ ಸುತ್ತಿದೆ. ಸುಕ್ಕು ಪೈಪು ಹಾಕಲಿಲ್ಲ, ಮಲೆನಾಡಿನ ಮಳೆಯಲ್ಲಿ ಅದರೊಳಗೆ ನೀರು ನಿಲ್ಲುತ್ತದೆ. ಹೆಡ್‌ನಿಂದ ದೂರವಿರುವ ದಪ್ಪ ಪವರ್ ವೈರುಗಳಿಗೆ ಮಾತ್ರ 125 ಡಿಗ್ರಿ ಕಾವು ತಡೆಯುವ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆಯ ವೈರ್. ಈ ಮಿಶ್ರಣವೇ ಇವತ್ತಿಗೂ ಗಾಡಿಯಲ್ಲಿದೆ.

ಇಷ್ಟಾದರೂ ಒಂದು ಕಾಟ ಉಳಿದಿತ್ತು. ಊರೊಳಗೆ ಗಾಡಿ ಚೆನ್ನಾಗಿತ್ತು, ಚಾಮುಂಡಿ ಬೆಟ್ಟ ಹತ್ತುವಾಗ ನಂದಿಯ ತಿರುವು ಬರುವಷ್ಟರಲ್ಲಿ ಪುಲ್ಲಿಂಗ್ ಸತ್ತುಹೋಗುತ್ತಿತ್ತು. ಎರಡು ತಿಂಗಳು ಪೆಟ್ರೋಲ್ ಪಂಪು, ಫಿಲ್ಟರ್ ಎಂದು ಹುಡುಕಿದೆ. ಕೊನೆಗೆ ನೋಡಿದರೆ ಎಂಜಿನ್ ಒಳಗಿನ ಬಡಿತವನ್ನು (ನಾಕ್) ಗುರುತಿಸುವ ನಾಕ್ ಸೆನ್ಸರ್‌ಗೆ ನಾನು ಮೇಲೆ ಲೋಹದ ಜಾಲರಿ ಇಲ್ಲದ ವೈರು ಹಾಕಿದ್ದೆ. ಪಕ್ಕದ ಕಾಯಿಲ್ ವೈರಿನ ಗದ್ದಲವನ್ನೇ ಇಸಿಎಂ ನಾಕ್ ಎಂದು ತಿಳಿದು ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತಿತ್ತು. ಜಾಲರಿಯ ವೈರು ಹಾಕಿ ಎರಡೂ ತುದಿಯಲ್ಲಿ ಅರ್ತ್ ಕೊಟ್ಟೆ, ಅರ್ಧ ಸರಿಹೋಯಿತು. ಇಸಿಎಂ ಕಡೆಯ ಒಂದೇ ತುದಿಗೆ ಕೊಟ್ಟ ಮೇಲೆ ಪೂರ್ತಿ ಸರಿಹೋಯಿತು. ಅವತ್ತು ಬೆಟ್ಟವನ್ನು ಮೂರು ಸಲ ಹತ್ತಿಸಿದೆ. ಮೂರನೇ ಸಲ ಮನೆಯವರನ್ನೂ ಕೂರಿಸಿಕೊಂಡು ಹೋಗಿ ದೇವರಿಗೆ ಕೈಮುಗಿದು ಬಂದೆ.

ಜೋಡಣೆಗೆ ಬೆಸುಗೆ ಬೇಡವೇ ಬೇಡ. ಸೀಸ ಎಳೆಗಳ ಒಳಗೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ, ಎಂಜಿನ್ ಅದುರಿದಾಗ ಆ ಕಡ್ಡಿ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ನಾಲ್ಕೂವರೆ ಸಾವಿರ ಕೊಟ್ಟು ವೈರಿಗೆ ಪಿನ್ನನ್ನು ಒತ್ತಿ ಕಚ್ಚಿಸುವ ಒಳ್ಳೆಯ ಕ್ರಿಂಪಿಂಗ್ ಇಕ್ಕಳ ಕೊಂಡೆ, ಈ ಇಡೀ ಕೆಲಸದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚಿಲ್ಲ. ಇಂಜೆಕ್ಟರ್ ಕಪ್ಲರ್‌ಗಳು ಮಾಮೂಲಿ ಬಾಷ್ ಇವಿ 1 ಮಾದರಿಯವು, ಎಲ್ಲಿ ಬೇಕಾದರೂ ಸಿಗುತ್ತವೆ. ಇಸಿಎಂ ಕಡೆಯ ದೊಡ್ಡ ಕಪ್ಲರ್ ಮಾತ್ರ ಹಳೆಯದನ್ನೇ ಉಳಿಸಿಕೊಳ್ಳಬೇಕು. ಪಿನ್ನು ಕೀಳುವ ಮೊದಲು ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ, ತಣ್ಣಗಿರುವಾಗ ಕೈಹಾಕಿದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ. ಪಿನ್ನು ಬಿಡಿಸುವ ಸಾಧನವನ್ನು ಮನೆಯಲ್ಲಿದ್ದ ಒಂದು ವಸ್ತುವನ್ನು ಅರದಿಂದ ತಿದ್ದಿ ಮಾಡಿಕೊಂಡೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ, ಎರಡು ವಾರ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು.

ಪರೀಕ್ಷೆಗೆ ಮಲ್ಟಿಮೀಟರ್‌ನ ಪೀಂ ಸದ್ದನ್ನು ನಂಬಬೇಡಿ. ಒಂದೇ ಎಳೆ ಉಳಿದಿದ್ದರೂ ಅದು ಕೂಗುತ್ತದೆ. ನಾನು ಇಂಡಿಕೇಟರ್‌ನ 21 ವ್ಯಾಟ್ ಬಲ್ಬನ್ನು ಪ್ರತಿ ವೈರಿನ ಮೂಲಕ ಉರಿಸಿ ನೋಡಿದೆ. ಎರಡು ವೈರುಗಳಲ್ಲಿ ಬಲ್ಬು ಮಂಕಾಗಿ ಉರಿಯಿತು. ಬಿಚ್ಚಿ ನೋಡಿದರೆ ಸಿಪ್ಪೆ ತೆಗೆಯುವಾಗ ನನ್ನ ಬ್ಲೇಡೇ ಹೆಚ್ಚಿನ ಎಳೆಗಳನ್ನು ಕತ್ತರಿಸಿ ಒಂದೆರಡನ್ನಷ್ಟೇ ಉಳಿಸಿತ್ತು. ಈ ಪರೀಕ್ಷೆಯನ್ನು ಇಸಿಎಂ ಕಪ್ಲರ್ ಸಿಕ್ಕಿಸುವ ಮೊದಲು, ಹಲಗೆಯ ಮೇಲೆಯೇ ಮುಗಿಸಿ.

ಎಂಜಿನ್‌ಗೆ ಹೋಗುವ ಗಾಳಿಯ ಕವಾಟ ನಡೆಸುವ ಥ್ರಾಟಲ್ ಆಕ್ಚುಯೇಟರ್ ಒಳಗಿನ ವೈರುಗಳೂ ಹಪ್ಪಳದ ಹಾಗೆ ಉದುರುವ ಅದೇ ಜಾತಿಯವು. ಹೊರಗಿನ ಕಿಟ್ ಹೊಸದು ಮಾಡಿ ಇದನ್ನು ಬಿಟ್ಟರೆ ಅರ್ಧ ಕೆಲಸ. ಹೊಸ ಆಕ್ಚುಯೇಟರ್‌ನ ಬೆಲೆಯಲ್ಲಿ ಒಂದು ಹಳೆಯ ಸಣ್ಣ ಕಾರು ಬರುತ್ತದೆ. ನಾನು ಮುಚ್ಚಳ ಕೊಯ್ದು, ಒಳಗಿನ ವೈರು ಬದಲಿಸಿ, ಮತ್ತೆ ಮುಚ್ಚಿದ್ದೇನೆ. ಎಲ್ಲಿ ಕೊಯ್ಯಬೇಕು, ಯಾವ ಅಂಟು ಎಂಬುದನ್ನು ಬರೆಯಲು ಧೈರ್ಯವಿಲ್ಲ. ಅಳತೆ ಒಂದು ಮಿಲಿಮೀಟರ್ ತಪ್ಪಿದರೂ ಒಳಗಿನ ತಟ್ಟೆ ಹೋಗುತ್ತದೆ, ಥ್ರಾಟಲ್ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಮನೆಗೆ ಬಂದವರಿಗೆ ಕೈಹಿಡಿದು ತೋರಿಸುತ್ತೇನೆ.

ಅಂಟು ಒಣಗಲು, ಪಾರ್ಸೆಲ್ ಬರಲು ಕಾಯುವ ದಿನಗಳಲ್ಲಿ ಕೈ ಸುಮ್ಮನಿರಲಿಲ್ಲ. ಈ ಗಾಡಿಯ ಸೀಟಿನಲ್ಲಿ ಸ್ಪ್ರಿಂಗ್ ಮೇಲೆ ರಬ್ಬರ್ ಸೇರಿಸಿದ ನಾರಿನ ಮೆತ್ತೆ ಇರುತ್ತದೆ. ಚಾಲಕನ ಕಡೆಯದು ಪುಡಿಯಾಗಿ ಕಾರ್ಪೆಟ್ ಮೇಲೆ ದಿನಾ ಕಂದು ಧೂಳು ಬೀಳುತ್ತಿತ್ತು. ನಮ್ಮ ತೆಂಗಿನ ನಾರಿನ ಹಾಸಿಗೆಯದೂ ಅದೇ ಸರಕಲ್ಲವೇ ಎಂದುಕೊಂಡು ಹಾಸಿಗೆ ಮಾಡುವವರಿಂದ ಎರಡು ಇಂಚಿನ ತುಂಡು ತಂದು, ಬ್ರೆಡ್ ಚಾಕುವಿನಿಂದ ಆಕಾರಕ್ಕೆ ಕತ್ತರಿಸಿ ಹಾಕಿದೆ. ಆರು ನೂರು ರೂಪಾಯಿ. ಮೊದಲ ತಿಂಗಳು ಗಟ್ಟಿಯಾಗಿತ್ತು, ಈಗ ಕೊಡಗಿಗೆ ಹೋಗಿ ಬಂದರೂ ಸೊಂಟ ಹಿಡಿಯುವುದಿಲ್ಲ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಇಂಧನದ ರಬ್ಬರ್ ಪೈಪುಗಳನ್ನೂ ಎಥೆನಾಲ್ ತಡೆಯುವ ವೈಟಾನ್ ಪೈಪಿಗೆ ಬದಲಿಸಿದೆ. ಪ್ಲಗ್ ಗ್ಯಾಪ್ ಹೆಚ್ಚಿಸಿ ಮೈಲೇಜ್ ಬರುತ್ತದೆಯೇ ಎಂದೂ ನೋಡಿದೆ, ಏನೂ ಬರಲಿಲ್ಲ.

ಖರ್ಚಿನ ಚೀಟಿ ಎಲ್ಲ ಇಟ್ಟಿಲ್ಲ. ನೆನಪಿನ ಮೇಲೆ, ಹಾಳಾದ ಎರಡು ಕಿಟ್, ಇಕ್ಕಳ, ಕಪ್ಲರ್, ಟೇಪು, ಬೆಂಗಳೂರಿಗೆ ಓಡಾಡಿದ ಪೆಟ್ರೋಲ್ ಎಲ್ಲ ಸೇರಿ ಮೂವತ್ತೆಂಟು ಸಾವಿರದ ಸುತ್ತ. ಕೊನೆಯ ಕಿಟ್ ಒಂದನ್ನೇ ಲೆಕ್ಕ ಹಾಕಿದರೆ ಹದಿಮೂರು ಸಾವಿರ ದಾಟುವುದಿಲ್ಲ. ಸಮಯ ಮಾತ್ರ ಹದಿನಾಲ್ಕು ತಿಂಗಳು. ಈಗ ಎಂಜಿನ್ ಎಷ್ಟೇ ಕಾದಿರಲಿ, ಐಡ್ಲಿಂಗ್ ಮುಳ್ಳು 750ರ ಹತ್ತಿರ ಅಂಟಿಸಿದಂತೆ ನಿಂತಿರುತ್ತದೆ.

ಹಲಗೆಯನ್ನು ಬಿಸಾಡಲಿಲ್ಲ. ಹೋದ ಡಿಸೆಂಬರ್‌ನಲ್ಲಿ ಹಾಸನದ ಕಡೆಯ ಕಾಫಿ ಬೆಳೆಗಾರರೊಬ್ಬರು ತಮ್ಮ ಇ 220 ತಂದು ನಿಲ್ಲಿಸಿದರು. ಅದೇ ಮೊಳೆಗಳ ಮೇಲೆ ಎರಡನೇ ಗಾಡಿಯ ಕಿಟ್ ಹದಿನೆಂಟು ದಿನದಲ್ಲಿ ಮುಗಿಯಿತು. ನಾಕ್ ಸೆನ್ಸರ್ ಮೊಳೆಯ ಪಕ್ಕ ಈಗ ಕೆಂಪು ಪೆನ್ನಿನಲ್ಲಿ "ಜಾಲರಿ, ಒಂದೇ ತುದಿ" ಎಂದು ಬರೆದಿಟ್ಟಿದ್ದೇನೆ. ಅವರ ಗಾಡಿಗೆ ಏರ್ ಮಾಸ್ ಮೀಟರ್ ಕವಲು ನನ್ನದಕ್ಕಿಂತ ಎರಡು ಇಂಚು ಉದ್ದ ಬೇಕಾಯಿತು, ಹಾಗಾಗಿ ಆ ಕಡೆ ಹೊಸದಾಗಿ ಒಂದು ಮೊಳೆ ಹೊಡೆದಿದೆ.