ಭರತ ನೋಡಿ ಹೊರಡಿ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ವಲಸೆ ಹಕ್ಕಿಗಳ ಜೊತೆ

ಹಕ್ಕಿ ನೋಡೋಕೆ ನಾನೂ ಬರ್ತೀನಿ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ಭರತ ಎಷ್ಟು ಹೊತ್ತಿಗೆ ಅಂತ ನೋಡಿದ್ರಾ?" ಭರತ ಅಂದರೆ ಸಮುದ್ರದ ನೀರು ಪೂರ್ತಿ ಏರುವ ಹೊತ್ತು. ಬೈನಾಕ್ಯುಲರ್ ಮಾತು ಆಮೇಲೆ. ಕ್ಯಾಮೆರಾ ಮಾತು ಇನ್ನೂ ಆಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯಲ್ಲಿ ವಲಸೆ ಬರುವ ದಡದ ಹಕ್ಕಿಗಳನ್ನು ನೋಡಬೇಕು ಅಂದರೆ ನೀರಿನ ಲೆಕ್ಕ ಗೊತ್ತಿರಬೇಕು. ಅದೇ ಜಾಗ, ಅದೇ ದಿನ, ಮೂರು ಗಂಟೆ ಆಚೀಚೆ ಆದರೆ ಒಂದೂ ಹಕ್ಕಿ ಇರುವುದಿಲ್ಲ. ಇದ್ದರೂ ಒಂದು ಮೈಲಿ ದೂರದಲ್ಲಿ, ಕೆಸರಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ.

ನಾನು ಹೋಗುವುದು ಡಾನ್ ಎಡ್ವರ್ಡ್ಸ್ ರಾಷ್ಟ್ರೀಯ ವನ್ಯಜೀವಿ ರೆಫ್ಯೂಜ್‌ಗೆ, ಅಂದರೆ ವನ್ಯಜೀವಿ ಧಾಮಕ್ಕೆ. ಅಮೆರಿಕದಲ್ಲಿ ನಗರದ ಮಗ್ಗುಲಲ್ಲೇ ಮಾಡಿದ ಮೊದಮೊದಲ ರೆಫ್ಯೂಜ್‌ಗಳಲ್ಲಿ ಇದೂ ಒಂದು. 1972ರಲ್ಲಿ ಕಾಯ್ದೆ ಆಯಿತು. ಅದಕ್ಕಾಗಿ ಸಂಸತ್ತಿನಲ್ಲಿ ದುಡಿದ ಡಾನ್ ಎಡ್ವರ್ಡ್ಸ್ ಅವರ ಹೆಸರು ಬಂದದ್ದು 1995ರಲ್ಲಿ. ಊರಿನ ಕಡೆಯಿಂದ ಹಠ ಹಿಡಿದವರಲ್ಲಿ ಫ್ಲಾರೆನ್ಸ್ ಲಾರಿವಿಯರ್ ಮುಖ್ಯರು. ಫ್ರೀಮಾಂಟ್‌ನ ವಿಸಿಟರ್ ಸೆಂಟರ್ ಹತ್ತಿರದ ಜೌಗಿಗೆ ಅವರ ಮನೆತನದ ಹೆಸರಿದೆ. ಈಗ ಒಟ್ಟು ಸುಮಾರು 30,000 ಎಕರೆ.

ಕಾಡು ಅಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆಯೇ. ತಲೆ ಮೇಲೆ ವಿಮಾನ, ಪಕ್ಕದಲ್ಲಿ ಡಂಬಾರ್ಟನ್ ಸೇತುವೆಯ ಟ್ರಾಫಿಕ್, ನೀರಿನ ನಡುವೆ ಹೈಟೆನ್ಷನ್ ತಂತಿಯ ಕಂಬಗಳು. ಸೇತುವೆ ದಾಟಿದರೆ ಫೇಸ್‌ಬುಕ್ ಆಫೀಸು. ಆಫೀಸಿನವರು ಊಟದ ಹೊತ್ತಿಗೆ ವಾಕಿಂಗ್ ಬರುವ ದಾರಿಯ ಪಕ್ಕದಲ್ಲೇ ಅಲಾಸ್ಕಾಗೆ ಹೊರಟ ಹಕ್ಕಿಗಳು ತಿಂಡಿ ತಿನ್ನುತ್ತಿರುತ್ತವೆ. ನನಗಂತೂ ಅದೇ ಇಷ್ಟ.

ನೀರಿನ ಲೆಕ್ಕ ನನಗೆ ಹೊಸದಲ್ಲ. ನಮ್ಮ ಊರು ಕುಮಟಾ ಕಡೆ, ಅಘನಾಶಿನಿ ಅಳಿವೆಯ ಹತ್ತಿರ. ಅಲ್ಲಿ ಬಳಚು ಚಿಪ್ಪು ಆರಿಸುವವರಿಗೆ, ದೋಣಿಯವರಿಗೆ ಗಡಿಯಾರಕ್ಕಿಂತ ತಿಥಿ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಎರಡೂ ಕಮ್ಮಿ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ. ಕ್ಯಾಲಿಫೋರ್ನಿಯಾದಲ್ಲೂ ಚಂದ್ರ ಅವನೇ ಅಲ್ವಾ? ಗೋಡೆಗೆ ನೇತು ಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿಯೇ ಯಾವ ವಾರ ಹೋಗುವುದು ಅಂತ ತೀರ್ಮಾನಿಸುತ್ತೇನೆ. ಗಂಟೆ ನಿಮಿಷಕ್ಕೆ ಮಾತ್ರ ಅಮೆರಿಕ ಸರ್ಕಾರದ ಸಾಗರ, ಹವಾಮಾನ ಸಂಸ್ಥೆ ನೋವಾದ (NOAA) ಭರತ-ಇಳಿತದ ಪಟ್ಟಿ.

ಆ ಪಟ್ಟಿ ನೋಡುವಾಗ ಒಂದು ವಿಷಯ ಗಮನಿಸಬೇಕು. ಹೆಚ್ಚಿನವರು ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್‌ನ ಸಮಯ ಹಿಡಿದುಕೊಂಡು ಬರುತ್ತಾರೆ. ನೀರು ಅಲ್ಲಿಂದ ಒಳಗೆ ಬಂದು ದಕ್ಷಿಣದ ತುದಿ ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ಅದಕ್ಕೇ ಡಂಬಾರ್ಟನ್ ಸೇತುವೆಯ ಪಟ್ಟಿ ಬೇರೆ, ದಕ್ಷಿಣ ತುದಿಯ ಊರು ಅಲ್ವಿಸೋದ್ದು ಬೇರೆ. ಇನ್ನೊಂದು ತಮಾಷೆ ಇದೆ. ಒಳಗೆ ಬಂದಷ್ಟೂ ನೀರಿನ ಏರಿಳಿತ ಕಮ್ಮಿ ಆಗಬೇಕು ಅನ್ನಿಸುತ್ತದೆ, ಆದರೆ ಇಲ್ಲಿ ಉಲ್ಟಾ. ಗೋಲ್ಡನ್ ಗೇಟ್‌ನಲ್ಲಿ ಸಾಮಾನ್ಯವಾಗಿ ಆರು ಅಡಿ ಏರಿಳಿತ ಇದ್ದರೆ ಇಲ್ಲಿ ಎಂಟೂವರೆ, ಒಂಬತ್ತು ಅಡಿ. ಕೊಲ್ಲಿಯ ಈ ತುದಿ ಮುಚ್ಚಿಕೊಂಡಿರುವುದರಿಂದ ಅಲೆ ಬಡಿದು ವಾಪಸ್ ಬರುತ್ತದೆ, ನೀರು ಮೇಲೆ ಮೇಲೆ ಏರುತ್ತದೆ. ಇಳಿದಾಗ ಮೈಲಿಗಟ್ಟಲೆ ಕೆಸರು ಬಯಲಾಗುತ್ತದೆ. ಲಕ್ಷಗಟ್ಟಲೆ ಹಕ್ಕಿ ಇಲ್ಲಿ ಇಳಿಯುವುದು ಆ ಕೆಸರಿಗಾಗಿ.

ನನ್ನ ಕ್ರಮ ಸರಳ. ಭರತಕ್ಕೆ ಎರಡು, ಎರಡೂವರೆ ಗಂಟೆ ಮೊದಲು ದಂಡೆಯ ಮೇಲೆ ಇರುತ್ತೇನೆ. ನೀರು ಏರುತ್ತಾ ಬಂದ ಹಾಗೆ ಕೆಸರು ಕಿರಿದಾಗುತ್ತದೆ, ದೂರ ಇದ್ದ ಹಕ್ಕಿಗಳು ನೀರಿನ ಅಂಚಿನ ಜೊತೆ ನನ್ನ ಕಡೆಗೇ ನಡೆದು ಬರುತ್ತವೆ. ನಾನು ಒಂದು ಹೆಜ್ಜೆ ಇಡಬೇಕಾಗಿಲ್ಲ. ಹಕ್ಕಿ ಕಂಡ ಕೂಡಲೇ ಹತ್ತಿರ ಹೋಗುವವರು ಇರುತ್ತಾರೆ. ಅವು ಹಾರಿ ಹೋದರೆ ನಮಗಷ್ಟೇ ನಷ್ಟ ಅಲ್ಲ. ಮುಂದಿನ ಸಾವಿರಾರು ಮೈಲಿಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ಸುಮ್ನೆ ಹಾರುವುದು ದಂಡ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಸೇತುವೆಯ ಪಶ್ಚಿಮ ತುದಿಯಲ್ಲಿದೆ. ಎಸ್‌ಎಫ್-2 ಅಂತ ಅದರ ಹೆಸರು, ಹಳೆಯ ಉಪ್ಪಿನ ಆಗರ. 2010ರಲ್ಲಿ ಅದನ್ನು ಹಕ್ಕಿಗಳಿಗೆ ಬೇಕಾದ ಹಾಗೆ ತಿದ್ದಿದರು. ನೀರು ಒಳಗೆ ಹೊರಗೆ ಬಿಡಲು ಗೇಟು ಇಟ್ಟರು, ನಡುವೆ ಮಣ್ಣಿನ ಪುಟ್ಟ ಪುಟ್ಟ ದಿಬ್ಬ ಮಾಡಿದರು. ನಡೆಯುವ ದಾರಿ ಇರುವುದು ಒಡ್ಡಿನ ಪಕ್ಕದಲ್ಲಿ. ಒಂದು ಕಡೆ ಕೊಲ್ಲಿಯ ಕೆಸರು, ಇನ್ನೊಂದು ಕಡೆ ಆಗರದ ತೆಳು ನೀರು. ಭರತ ಪೂರ್ತಿ ಆಗಿ ಕೆಸರು ಮುಳುಗಿತು ಅಂದಕೂಡಲೇ ಹಕ್ಕಿಗಳೆಲ್ಲ ಎದ್ದು ನಮ್ಮ ತಲೆ ಮೇಲಿಂದ ಆಚೆಗೆ ದಾಟುತ್ತವೆ. ದಿಬ್ಬಗಳ ಮೇಲೆ ಒತ್ತೊತ್ತಾಗಿ ನಿಂತು, ಒಂಟಿಕಾಲಲ್ಲಿ, ಕೊಕ್ಕು ಬೆನ್ನಿಗೆ ತುರುಕಿಕೊಂಡು ಮಲಗುತ್ತವೆ. ಸ್ಕೋಪ್ (ಸ್ಟ್ಯಾಂಡ್ ಮೇಲೆ ಇಡುವ ದುರ್ಬೀನು) ಇಟ್ಟು ಸಾವಕಾಶವಾಗಿ ನೋಡಲು ಇದೇ ಹೊತ್ತು. ಬೆಳಿಗ್ಗೆ ಆದರೆ ಕೊಲ್ಲಿ ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಆಗರದ ಕಡೆ ಬೆಳಕು ಚೆನ್ನಾಗಿರುತ್ತದೆ. ಮಧ್ಯಾಹ್ನ ಅದರ ವಿರುದ್ಧ, ಆದರೆ ವಸಂತದಲ್ಲಿ ಮಧ್ಯಾಹ್ನದ ಗಾಳಿಗೆ ಸ್ಕೋಪಿನ ಸ್ಟ್ಯಾಂಡ್ ನಡುಗುತ್ತದೆ, ಕಣ್ಣಲ್ಲಿ ನೀರು. ಆದ್ದರಿಂದ ಬೆಳಿಗ್ಗೆ ಹತ್ತರ ಸುಮಾರಿಗೆ ಭರತ ಇರುವ ದಿನ ಆರಿಸಿಕೊಳ್ಳುತ್ತೇನೆ.

ಯುಗಾದಿ ಕಳೆದ ಮೇಲೆ, ಏಪ್ರಿಲ್ ಮೂರನೇ ವಾರದ ಹೊತ್ತಿಗೆ, ಉತ್ತರಕ್ಕೆ ಹೋಗುವವರ ಜಾತ್ರೆ. ಅದರಲ್ಲಿ ಬಹುಪಾಲು ವೆಸ್ಟರ್ನ್ ಸ್ಯಾಂಡ್‌ಪೈಪರ್. ನಮ್ಮ ಗೊರವಗಳ ಬಳಗ, ಆದರೆ ಗುಬ್ಬಚ್ಚಿಯಷ್ಟೇ ತೂಕ, 25ರಿಂದ 30 ಗ್ರಾಂ. ಪಶ್ಚಿಮ ಅಲಾಸ್ಕಾದಲ್ಲಿ, ಬೇರಿಂಗ್ ಜಲಸಂಧಿ ದಾಟಿ ಸೈಬೀರಿಯಾದ ಪೂರ್ವದ ಮೂಲೆಯಲ್ಲಿ ಗೂಡು ಮಾಡುತ್ತದೆ. ಇಲ್ಲಿ ಕೆಲವೇ ದಿನ ಇದ್ದು ಹೊರಡುತ್ತದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಮೊದಲು ಇದೊಂದನ್ನೇ ಕಣ್ಣು ತುಂಬ ನೋಡಿ, ಬೇರೆ ಯಾವುದರ ಹೆಸರೂ ಕೇಳಬೇಡಿ. ಕಪ್ಪು ಕಾಲು, ತುದಿಯಲ್ಲಿ ಸ್ವಲ್ಪ ಬಾಗಿದ ಕಪ್ಪು ಕೊಕ್ಕು, ವಸಂತದಲ್ಲಿ ತಲೆ ಮೇಲೆ ಮತ್ತು ಕೆನ್ನೆಯಲ್ಲಿ ಇಟ್ಟಿಗೆ ಬಣ್ಣ. ಇದು ಮನಸ್ಸಿನಲ್ಲಿ ಕೂತರೆ ಮಿಕ್ಕಿದ್ದೆಲ್ಲ ಇದಕ್ಕೆ ಹೋಲಿಸಿ ಗೊತ್ತಾಗುತ್ತದೆ. ಇದಕ್ಕಿಂತ ಚಿಕ್ಕದು, ಕಂದು ಜಾಸ್ತಿ, ಕಾಲು ಹಳದಿ ಆದರೆ ಲೀಸ್ಟ್ ಸ್ಯಾಂಡ್‌ಪೈಪರ್. ಇದಕ್ಕಿಂತ ದೊಡ್ಡದು, ಹೊಟ್ಟೆ ಮೇಲೆ ಕಪ್ಪು ಮಸಿ ಬಳಿದ ಹಾಗಿದ್ದರೆ ಡನ್ಲಿನ್. ಕೆಸರಿನ ಬಣ್ಣ ಹಳದಿ ಕಾಲನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಕಾಲಿನ ಬಣ್ಣ ಒಂದನ್ನೇ ನಂಬಬೇಡಿ.

ಒಂದೇ ಹಕ್ಕಿಯ ಮೇಲೆ ಸ್ಕೋಪ್ ಇಟ್ಟು ಐದು ನಿಮಿಷ ನೋಡಿ. ಕುಟುಕುತ್ತದೆ, ಎರಡು ಹೆಜ್ಜೆ ಓಡುತ್ತದೆ, ಮತ್ತೆ ಕುಟುಕುತ್ತದೆ. ಹುಳ ಹಿಡಿಯುತ್ತಿದೆ ಅಂದುಕೊಳ್ಳುತ್ತೀರಿ. ಹುಳವೂ ಹೌದು. ಆದರೆ ಕೆಲವೊಮ್ಮೆ ಕೊಕ್ಕನ್ನು ಕೆಸರಿನ ಮೇಲ್ಮೈಗಷ್ಟೇ ತಾಗಿಸಿ ಟಕಟಕ ಅಂತ ಮುಂದೆ ಹೋಗುತ್ತಿರುತ್ತದೆ, ಏನೂ ಎಳೆಯುವುದಿಲ್ಲ, ನುಂಗಿದ್ದೂ ಕಾಣುವುದಿಲ್ಲ. ಆಗ ಅದು ತಿನ್ನುತ್ತಿರುವುದು ಕೆಸರಿನ ಮೇಲಿನ ಲೋಳೆಯನ್ನು. ಬಿಸಿಲಿಗೆ ಬೆಳೆಯುವ ಕಣ್ಣಿಗೆ ಕಾಣದ ಪಾಚಿ, ಬ್ಯಾಕ್ಟೀರಿಯಾ, ಎಲ್ಲ ಸೇರಿದ ತೆಳು ಪದರ ಅದು. ಅದನ್ನು ಬಳಿದುಕೊಳ್ಳಲು ನಾಲಿಗೆಯ ತುದಿಯಲ್ಲಿ ಸಣ್ಣ ಕೂದಲಿನಂಥ ಎಳೆಗಳಿವೆ. ವಿಜ್ಞಾನಿಗಳಿಗೆ ಇದು ಖಾತ್ರಿ ಆದದ್ದು 2000ದ ನಂತರವೇ. ಬರೀ ಕೆಸರು ಅಂತ ನಾವು ಮೂಗು ಮುರಿಯುವ ಜಾಗ ಅದಕ್ಕೆ ಊಟದ ಎಲೆ.

ದೊಡ್ಡ ಹಕ್ಕಿಗಳು ಸುಲಭ. ಮಾರ್ಬಲ್ಡ್ ಗಾಡ್ವಿಟ್‌ನ ಉದ್ದ ಕೊಕ್ಕು ತುದಿಯಲ್ಲಿ ಸ್ವಲ್ಪ ಮೇಲಕ್ಕೆ, ಕರ್ಲ್ಯೂದು ಕೆಳಕ್ಕೆ ಬಾಗಿರುತ್ತದೆ. ವಿಲೆಟ್ ನಿಂತಾಗ ಸಪ್ಪೆ ಬೂದು, ಹಾರಿದಾಗ ರೆಕ್ಕೆಯಲ್ಲಿ ಕಪ್ಪು ಬಿಳಿ ಪಟ್ಟೆ ಹೊಳೆಯುತ್ತದೆ. ಸ್ಟಿಲ್ಟ್ ನೋಡಿದರೆ ನಮ್ಮ ಕೆರೆಯ ಮೆಟ್ಟುಗಾಲು ಹಕ್ಕಿಯ ಅಣ್ಣತಮ್ಮ ಅಂತ ಯಾರಿಗಾದರೂ ಗೊತ್ತಾಗುತ್ತದೆ. ತಕರಾರು ಇರುವುದು ಡೌವಿಚರ್‌ಗಳದ್ದು. ಉದ್ದ ಕೊಕ್ಕಿನದ್ದು ಒಂದು, ಗಿಡ್ಡ ಕೊಕ್ಕಿನದ್ದು ಒಂದು ಅಂತ ಹೆಸರಿದೆ, ಆದರೆ ಕೊಕ್ಕು ನೋಡಿ ಹೇಳುವುದು ಕಷ್ಟ. ನಾನು ಕಣ್ಣು ಬಿಟ್ಟು ಕಿವಿ ಹಿಡಿದೆ. ಹಾರುವಾಗ 'ಕೀಕ್' ಅಂತ ಒಂದೇ ಚೂಪು ಸದ್ದು ಬಂದರೆ ಉದ್ದ ಕೊಕ್ಕಿನದು, 'ತುತುತು' ಅಂತ ಮೆತ್ತಗೆ ಬಂದರೆ ಗಿಡ್ಡದು. ಸುಮ್ಮನಿದ್ದರೆ? 'ಡೌವಿಚರ್' ಅಂತಷ್ಟೇ ಬರೆದುಕೊಂಡು ಮುಂದೆ ಹೋಗಿ, ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ.

ಹಿಂಡಿನ ಮೇಲೆ ಕಣ್ಣಿಟ್ಟಾಗ ಆಗಾಗ ಆಕಾಶವನ್ನೂ ನೋಡಬೇಕು. ಮಲಗಿದ್ದ ಹಕ್ಕಿಗಳೆಲ್ಲ ಒಮ್ಮೆಗೇ ತಲೆ ಓರೆ ಮಾಡಿ ಒಂದು ಕಣ್ಣು ಮೇಲಕ್ಕೆ ಇಟ್ಟವು ಅಂದರೆ ಪೆರೆಗ್ರಿನ್ ಫಾಲ್ಕನ್ ಬಂತು ಅಂತ ಲೆಕ್ಕ. ಈ ಗಿಡುಗಕ್ಕೂ ಊರು ಒಗ್ಗಿದೆ, ಸ್ಯಾನ್ ಹೋಸೆಯ ಸಿಟಿ ಹಾಲ್ ಕಟ್ಟಡದ ಮೇಲೇ ಒಂದು ಜೋಡಿ ಗೂಡು ಮಾಡುತ್ತದೆ. ಸಾವಿರಾರು ಹಕ್ಕಿ ಒಟ್ಟಿಗೆ ಎದ್ದು ತಿರುಗಿದಾಗ ಹೊಟ್ಟೆ ಬಿಳಿ ಕಂಡು ಹೊಳೆಯುತ್ತದೆ, ಇನ್ನೊಮ್ಮೆ ತಿರುಗಿದಾಗ ಬೆನ್ನಿನ ಕಂದು ಬಣ್ಣ ಕೆಸರಿನಲ್ಲಿ ಬೆರೆತು ಹಿಂಡೇ ಮಾಯ.

ಅಪ್ಪ ಇಲ್ಲಿಗೆ ಬಂದಿದ್ದಾಗ ಅವರನ್ನು ಅಲ್ವಿಸೋಗೆ ಕರೆದುಕೊಂಡು ಹೋಗಿದ್ದೆ. ಹಕ್ಕಿ ತೋರಿಸಿದರೆ ಅವರು ನೋಡಿದ್ದು ಒಡ್ಡನ್ನು.

"ತಮ್ಮಾ, ಇದು ಆಗರ ಅಲ್ವನೋ? ನಮ್ಮ ಸಾಣಿಕಟ್ಟೆಯದ್ದರ ಹಾಗೇ ಉಂಟು."

"ಹೌದು ಅಪ್ಪ. ಒಂದೊಂದು ನೂರಾರು ಎಕರೆ."

"ಇಷ್ಟು ದೊಡ್ಡದರಲ್ಲಿ ಉಪ್ಪು ಎಳೆಯುವುದು ಯಾರು?"

ಮಷಿನ್ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇವತ್ತಿಗೂ ಕೈಯಲ್ಲೇ ಎಳೆದು ಗುಡ್ಡೆ ಹಾಕುತ್ತಾರೆ. ಇಲ್ಲಿ 1850ರ ದಶಕದಿಂದ ಜೌಗಿಗೆ ಒಡ್ಡು ಕಟ್ಟಿ ಕಟ್ಟಿ ಕೊಲ್ಲಿಯ ಅಂಚನ್ನೇ ಆಗರ ಮಾಡಿಬಿಟ್ಟರು. ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವ ಗುಲಾಬಿ, ಹಸಿರು ಚೌಕಗಳು ಇವೇ. ಉಪ್ಪು ಜಾಸ್ತಿ ಆದ ಹಾಗೆ ಅದರಲ್ಲಿ ಬದುಕುವ ಸೂಕ್ಷ್ಮಜೀವಿ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ.

2003ರಲ್ಲಿ ಉಪ್ಪು ಮಾಡುವ ಕಾರ್ಗಿಲ್ ಕಂಪನಿಯಿಂದ ಸರ್ಕಾರ ದಕ್ಷಿಣ ಕೊಲ್ಲಿಯ 15,100 ಎಕರೆ ಆಗರ ಕೊಂಡುಕೊಂಡಿತು. ಒಡ್ಡು ಒಡೆದು ಭರತದ ನೀರು ಬಿಟ್ಟು ಮತ್ತೆ ಜೌಗು ಮಾಡುವ ಕೆಲಸ ಅಂದಿನಿಂದ ನಡೆದಿದೆ. ಕೇಳಲು ಚೆನ್ನಾಗಿದೆ, ಹಳೆಯ ಜೌಗಿನಲ್ಲಿ ಹೆಚ್ಚಿನ ಪಾಲು ನಾಶವಾಗಿ ಹೋಗಿತ್ತು, ಅದನ್ನೇ ನಂಬಿದ ರಿಡ್ಜ್‌ವೇಸ್ ರೈಲ್‌ನಂಥ ಹಕ್ಕಿಗೆ ಬೇರೆ ಗತಿ ಇಲ್ಲ. ಆದರೆ ಜೌಗಿನಲ್ಲಿ ಹುಲ್ಲು ಬೆಳೆಯುತ್ತದೆ. ಸ್ಯಾಂಡ್‌ಪೈಪರ್‌ಗೆ ಹುಲ್ಲು ಬೇಡ, ಬಯಲು ಬೇಕು. ನೂರೈವತ್ತು ವರ್ಷದಲ್ಲಿ ಅವು ಆಗರವನ್ನೇ ಭರತದ ಹೊತ್ತಿನ ತಂಗುದಾಣ ಮಾಡಿಕೊಂಡಿವೆ. ಸ್ನೋಯಿ ಪ್ಲೋವರ್ ಗೂಡು ಮಾಡುವುದೇ ಒಣಗಿದ ಆಗರದ ಬಿಳಿ ನೆಲದ ಮೇಲೆ, ಅದನ್ನು 1993ರಿಂದ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಎಲ್ಲ ಒಡ್ಡನ್ನೂ ಒಡೆದರೆ ಇವೆಲ್ಲ ಎಲ್ಲಿಗೆ ಹೋಗಬೇಕು? ಯೋಜನೆಯವರಿಗೂ ಇದು ಗೊತ್ತು, ಅದಕ್ಕೇ ಎಸ್‌ಎಫ್-2ರಂಥ ಕೆಲವನ್ನು ಆಗರವಾಗಿಯೇ ಉಳಿಸಿ ನೀರಿನ ಮಟ್ಟ ಕೈಯಲ್ಲಿ ಇಟ್ಟುಕೊಂಡಿದ್ದಾರೆ. ಒಡ್ಡು ಒಡೆಯುವ ಕೆಲಸ ನಿಧಾನವಾದಷ್ಟೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಕ್ಕದಲ್ಲಿ ನಿಂತು ಸ್ಕೋಪ್ ಇಡುವ ಗೆಳೆಯರಲ್ಲಿ ಅರ್ಧ ಜನ ಒಪ್ಪುವುದಿಲ್ಲ. ಸಮುದ್ರ ಏರುತ್ತಿದೆ, ಜೌಗು ಬೇಗ ಬೆಳೆಯದಿದ್ದರೆ ಎಲ್ಲವೂ ಮುಳುಗುತ್ತದೆ ಅನ್ನುತ್ತಾರೆ. ಅದೂ ನಿಜವೇ.

ವಾಪಸ್ ಪ್ರಯಾಣಕ್ಕೆ ಬಹಳ ದಿನ ಕಾಯಬೇಕಾಗಿಲ್ಲ. ಜುಲೈ 4ರ ಪಟಾಕಿ ಸದ್ದಿನ ಹೊತ್ತಿಗೆ ಮೊದಲ ಸ್ಯಾಂಡ್‌ಪೈಪರ್‌ಗಳು ದಕ್ಷಿಣಕ್ಕೆ ಬಂದಿರುತ್ತವೆ, ಎಲ್ಲ ದೊಡ್ಡವು. ಮರಿಗಳು ಆಗಸ್ಟ್‌ನಲ್ಲಿ ಹಿಂದಿನಿಂದ ಬರುತ್ತವೆ, ಅಪ್ಪ ಅಮ್ಮ ದಾರಿ ತೋರಿಸದೆ, ತಾವಾಗಿಯೇ. ಗರಿ ಹೊಸದಾಗಿ, ಅಂಚು ಗರಿಗರಿಯಾಗಿ, ಭುಜದ ಮೇಲೆ ಕೆಂಪು ಗೆರೆ ಇದ್ದರೆ ಅದು ಈ ವರ್ಷದ ಮರಿ. ಅದೇ ಹೊತ್ತಿಗೆ ಅಲ್ವಿಸೋದ ಉಪ್ಪು ನೀರಿನಲ್ಲಿ ಫ್ಯಾಲರೋಪ್‌ಗಳು ಬುಗುರಿ ತಿರುಗುತ್ತಿರುತ್ತವೆ, ನೀರು ಕಲಕಿ ಮೇಲೆ ಬಂದ ಹುಳುವನ್ನು ಹೆಕ್ಕಲು. ಇವುಗಳಲ್ಲಿ ಹೆಣ್ಣಿಗೇ ಬಣ್ಣ ಜಾಸ್ತಿ, ಕಾವು ಕೂರುವುದು ಗಂಡು. ನನ್ನ ಹೆಂಡತಿಗೆ ಇಷ್ಟವಾದ ಹಕ್ಕಿ ಇದೊಂದೇ.

ಎಣಿಸಲು ಕಲಿಯಿರಿ, ಅದು ಉಪಯೋಗದ ಕೆಲಸ. ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಹಿಡಿಸಿಕೊಳ್ಳಿ. ಅಂಥ ಹತ್ತು ಸೇರಿದರೆ ನೂರು. ನೂರರ ಅಳತೆ ಹಿಂಡಿನ ಮೇಲೆ ಇಡುತ್ತಾ ಹೋಗಿ. ಹಾರುವ ಹಿಂಡಿಗಿಂತ ದಿಬ್ಬದ ಮೇಲೆ ಮಲಗಿದ್ದನ್ನು ಎಣಿಸುವುದು ಸುಲಭ. ಮನೆಗೆ ಹೋದ ಮೇಲೆ ಹಕ್ಕಿ ಲೆಕ್ಕ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಹಾಕಿ. ಮಿಲ್ಪಿಟಾಸ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ ಬರ್ಡ್ ಅಬ್ಸರ್ವೇಟರಿ ಇದೆ, ಆಗರದ ಹಕ್ಕಿಗಳ ಎಣಿಕೆಗೆ ಅವರಿಗೆ ಜನ ಬೇಕಾಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಪೆಸಿಫಿಕ್ ಕರಾವಳಿಯ ಉದ್ದಕ್ಕೂ ದಡದ ಹಕ್ಕಿಗಳ ಎಣಿಕೆ ನಡೆಯುತ್ತದೆ, ಅದಕ್ಕೂ ಸ್ವಯಂಸೇವಕರೇ ಆಧಾರ. ಯಾವ ಒಡ್ಡು ಒಡೆಯಬೇಕು, ಯಾವುದು ಉಳಿಯಬೇಕು ಅನ್ನುವ ಚರ್ಚೆಯಲ್ಲಿ ಕೊನೆಗೆ ಮೇಜಿನ ಮೇಲೆ ಬರುವುದು ಇಂಥ ಲೆಕ್ಕವೇ. ಹೋಗುವಾಗ ಗಾಳಿಗೆ ದಪ್ಪ ಜಾಕೆಟ್ ಇರಲಿ, ಜುಲೈ ಆದರೂ ಸರಿ.