ತೆಳು ಪಟ್ಟಿಯನ್ನು ಹಿಂದಿನಿಂದ ಹಿಡಿದೆ, ಕೆಲಸ ಆಯಿತು

ಈ ದೀಪಾವಳಿಯ ಆಕಾಶಬುಟ್ಟಿಗೆ ಸಾಗವಾನಿ ಪಟ್ಟಿಗಳನ್ನು ನಾನೇ ಕೀಸಿದೆ. 2 ಮಿ.ಮೀ. ದಪ್ಪ, ಮುಕ್ಕಾಲು ಇಂಚು ಅಗಲ, ಎರಡಡಿ ಉದ್ದ, ಒಟ್ಟು 40ರ ಹತ್ತಿರ. ಪುಣೆಯಲ್ಲಿ ನಮ್ಮ ಗಲ್ಲಿಯ ಬಡಗಿ ಮೇಸ್ತ್ರಿ ಕಲಬುರ್ಗಿ ಕಡೆಯವರು. "ರೀ ಸರ, ಇದು ಕೈಲೆ ಆಗೂ ಕೆಲಸಲ್ಲ, ಸುಮ್ನ ಮಷಿನ್‌ಗ ಕೊಡ್ರಿ" ಅಂದಿದ್ದರು. ಕೊಟ್ಟೂ ನೋಡಿದೆ. 4 ಪಟ್ಟಿ ಒಳಗೆ ಹೋದವು, ಒಂದೂವರೆ ಹೊರಗೆ ಬಂತು. ಕೂಲಿ ಮಾತ್ರ ಪೂರ್ತಿ ತಗೊಂಡರು.

ಮನೆಯಲ್ಲಿ ಮೊದಲು ಎಲ್ಲರಂತೆ ಮುಂದೆ ತಡೆ ಹೊಡೆದೆ. ಕೀಸುಳಿ ತಳ್ಳಿದರೆ ಪಟ್ಟಿ ಬಿಲ್ಲಿನಂತೆ ಮೇಲೆದ್ದು, ಅಲಗಿಗೆ ಸಿಕ್ಕಿ ಪಟ್ ಅಂತ ಮುರಿಯುತ್ತಿತ್ತು. ಹಾಗೆ 9-10 ಹೋದವು. ಡಬಲ್ ಟೇಪ್ ಹಿಡಿಯಿತು, ಜಾಸ್ತಿಯೇ ಹಿಡಿಯಿತು, ಬಿಡಿಸುವಾಗ ಎಳೆ ಸಮೇತ ಕಿತ್ತು ಬಂತು. ಫೆವಿಕಾಲ್ ಹಚ್ಚಿ ನಡುವೆ ಪೇಪರ್ ಇಡುವುದು ಒಳ್ಳೆಯದೇ, ಆದರೆ ಒಂದೊಂದು ಬದಿಗೂ ಒಂದು ರಾತ್ರಿ ಕಾಯಬೇಕು. ಅಷ್ಟರಲ್ಲಿ ಮುಂದಿನ ದೀಪಾವಳಿ ಬರುತ್ತೆ. ಟಿಂಬರ್ ಮಾರ್ಕೆಟ್‌ನಿಂದ ತಂದ ಮರದಲ್ಲಿ 900 ರೂಪಾಯಿಯಷ್ಟು ಒಲೆಗೆ ಹೋಯಿತು ಅಂತ ಮನೆಯಲ್ಲಿ ಇನ್ನೂ ಹೇಳ್ತಾರೆ.

ಒಂದು ದಿನ ಸಿಟ್ಟು ಬಂದು ತಡೆ ಕಿತ್ತು, ಹಿಂದಿನ ತುದಿಗೆ ಕ್ಲ್ಯಾಂಪ್ ಬಿಗಿದು, ಅಲ್ಲಿಂದ ಮುಂದಕ್ಕೆ ಕೀಸಿದೆ. ಈಗ ತಳ್ಳಿದಷ್ಟೂ ಪಟ್ಟಿ ಎಳೆದುಕೊಂಡು ನೆಟ್ಟಗಾಗುತ್ತೆ, ಏಳೋದೇ ಇಲ್ಲ. ತೊಂದರೆ ಒಂದೇ, ಕ್ಲ್ಯಾಂಪ್ ಅಡ್ಡ ಬಂದು ಹಿಂದಿನ 6-7 ಇಂಚು ಕೀಸದೇ ಉಳಿಯಿತು. ಸಾಗವಾನಿಯಲ್ಲಿ ಅಷ್ಟು ಬಿಸಾಡೋಕೆ ಆಗುತ್ತಾ? ಕ್ಲ್ಯಾಂಪ್ ಬಿಟ್ಟು, ಪ್ಲೈ ಹಲಗೆಯ ಅಡಿಯಿಂದ 3 ಸಣ್ಣ ಮೊಳೆ ಹೊಡೆದೆ. ತುದಿ ಮೇಲೆ ಒಂದು ಮಿ.ಮೀ. ಚಿಲ್ಲರೆ ಇಣುಕುವಂತೆ ಅರ ಹಾಕಿ ಚೂಪು ಮಾಡಿದೆ. ಪಟ್ಟಿಯ ಬಾಲವನ್ನು ಅದರ ಮೇಲಿಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಕಚ್ಚಿಕೊಳ್ಳುತ್ತೆ. ಮೊಳೆ ಪಟ್ಟಿಗಿಂತ ಕೆಳಗೇ ಇರುವುದರಿಂದ ಕೀಸುಳಿ ಮೇಲೆಯೇ ಹಾದು ಹೋಗುತ್ತೆ. ಹಾಳಾಗೋದು ಒಂದೇ ಇಂಚು. ಮೂರನ್ನೂ ಒಂದೇ ಸಾಲಿನಲ್ಲಿ ಹೊಡೆಯಬೇಡಿ, ಎಳೆಗುಂಟ ಸೀಳುತ್ತೆ. ಅವು ನೆಟ್ಟಗೂ ಇಲ್ಲ, ಓರೆ ಇವೆ. ಯಾವ ಕಡೆಗೆ, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದಪ್ಪ ಒಂದೇ ಸಮ ಬರಲಿ ಅಂತ ಪಟ್ಟಿಯ ಎರಡೂ ಕಡೆ ಹಲಗೆಗೆ ಸನ್ಮೈಕಾ ಹಳಿ, 1 ಮಿ.ಮೀ.ನದು ಎರಡು ಪದರ. ಮೊದಲು ಹಳಿಗಳನ್ನು ಪಟ್ಟಿಗೆ ಅಂಟಿಯೇ ಇಟ್ಟಿದ್ದೆ. ಎರಡೇ ಎಳೆತಕ್ಕೆ ಅಲಗು ಸನ್ಮೈಕಾ ತಿಂದು ಮೊಂಡಾಯಿತು. ಆಮೇಲೆ ಅಲಗಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟೆ. ಕೀಸುಳಿಯ ಅಂಚು ಮಾತ್ರ ಹಳಿ ಮೇಲೆ ಕೂರಬೇಕು, ಅದು ಅತ್ತಿತ್ತ ಸರಿಯದಂತೆ ಹೊರಗೆ ಬೇಲಿ ಬೇಕು. ಹೆರೆ, ಅಂದರೆ ಕೀಸಿದ ಸಿಪ್ಪೆ, ಬರೋದು ನಿಂತಿತು ಅಂದರೆ ದಪ್ಪ ಸರಿಯಾಯಿತು.

ನಡುವೆ ಕೀಸುಳಿಯನ್ನೇ ಅಂಗಾತ ಮಾಡಿ ಪಟ್ಟಿ ಎಳೆದು ನೋಡಿದೆ. ಚಿಕ್ಕ ತುಂಡಿಗೆ ಅಡ್ಡಿಯಿಲ್ಲ, ಆದರೆ ಹೆಬ್ಬೆರಳಿನ ತುದಿ ಸ್ವಲ್ಪ ಹೋಯಿತು. ಬಿದಿರನ್ನೂ ಹಲಗೆಗೆ ಹಾಕಿದ್ದೆ, ಗಿಣ್ಣು ಬಂದಲ್ಲೆಲ್ಲ ಜಿಗಿಯುತ್ತೆ, ಬಿಟ್ಟೆ. ಸಾಗವಾನಿ ಅಲಗನ್ನು ಬೇಗ ಮೊಂಡು ಮಾಡುತ್ತೆ, ಗೊತ್ತಲ್ವಾ, 5-6 ಪಟ್ಟಿಗೊಮ್ಮೆ ಕಲ್ಲಿಗೆ ಉಜ್ಜಬೇಕಾಯಿತು.

ಹಲಗೆಗೆ ಆದ ಖರ್ಚು 250 ದಾಟಿಲ್ಲ, ಪ್ಲೈ ತುಂಡು ಪುಕ್ಕಟೆ. ಕೀಸುಳಿ ಮಾತ್ರ ಹಳೇ ಸಾಮಾನು ಮಾರುವ ಜೂನಾ ಬಜಾರಿನದು, 400 ಹೇಳಿ 280ಕ್ಕೆ ಬಿಟ್ಟ. ಮೇಸ್ತ್ರಿ ಬಂದು ಹೆರೆಯನ್ನು ಬೆಳಕಿಗೆ ಹಿಡಿದು ನೋಡಿದರು, ಏನೂ ಅನ್ನಲಿಲ್ಲ. ಹೋಗುವಾಗ ಮೊಳೆಯ ಓರೆ ಯಾವ ಕಡೆಗೆ ಅಂತ ಕೇಳಿದರು.