ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಅಸಹಜ ಕೊಬ್ಬು ಕಂಡುಬಂದರೆ ಏನು ಮಾಡಬೇಕು?

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಮಂಗಳೂರಿಗೆ ಹೋಗಿ ರೆಪ್ಪೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹೊಲಿಗೆ ಬಿಚ್ಚಿಸಲು ಊರಿನ ಆಸ್ಪತ್ರೆಗೆ ಹೋಗುವವರಿಗೆ "ಒಳಗೆ ಬೇರೆ ಥರದ ಕೊಬ್ಬಿತ್ತು, ತೆಗೆದಿದ್ದೇವೆ" ಎಂಬ ಮಾತು ಬಾಯಿಮಾತಿನಲ್ಲೇ ಉಳಿದರೆ ಸಾಲದು. ಅದು ಯಾವ ರೆಪ್ಪೆಯ ಯಾವ ಬದಿಯಲ್ಲಿತ್ತು, ಎಷ್ಟು ತೆಗೆಯಲಾಯಿತು ಎಂಬುದನ್ನು ಡಿಸ್‌ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಬೇಕು.

ಮೇಲಿನ ರೆಪ್ಪೆಯಲ್ಲಿ ಸಹಜವಾಗಿಯೇ ಎರಡು ಕೊಬ್ಬಿನ ಭಾಗಗಳಿದ್ದು, ಮೂಗಿನ ಬದಿಯದು ಬಿಳಿಚಿಕೊಂಡೂ ನಡುವಿನದು ಹಳದಿಯಾಗಿಯೂ ಇರುವುದರಿಂದ ಬಣ್ಣ ಬೇರೆ ಎಂಬಷ್ಟಕ್ಕೆ ಗಾಬರಿಪಡಬೇಕಿಲ್ಲ. ಹೊರಬದಿಯಲ್ಲಿ ಉಬ್ಬಿ ಕಾಣುವುದು ಕಣ್ಣೀರಿನ ಗ್ರಂಥಿಯೂ ಆಗಿರಬಹುದು. ಅದನ್ನು ಕೊಬ್ಬೆಂದು ಕತ್ತರಿಸಬಾರದು. ಗಟ್ಟಿಯಾಗಿ, ಸುತ್ತಲಿನ ಸ್ನಾಯುವಿಗೆ ಅಂಟಿಕೊಂಡಿರುವ ಗಾಢ ಹಳದಿ ಗಡ್ಡೆಯೇ ನಿಜವಾಗಿ ವಿಚಾರಿಸಬೇಕಾದದ್ದು.

ತೆಗೆದ ತುಣುಕನ್ನು ಎಸೆಯದೆ ಬಯಾಪ್ಸಿಗೆ (ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ) ಕಳುಹಿಸಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತುಣುಕು ಕೆಡದಂತೆ ಅದನ್ನು ಫಾರ್ಮಲಿನ್ ದ್ರಾವಣ ತುಂಬಿದ ಡಬ್ಬಿಯಲ್ಲಿ ಇಡುತ್ತಾರೆ. ಆ ಡಬ್ಬಿಯ ಚೀಟಿಯಲ್ಲಿ ಹೆಸರಿನೊಂದಿಗೆ ಬಲಗಣ್ಣೋ ಎಡಗಣ್ಣೋ ಎಂಬುದೂ ಇದೆಯೇ ಎಂದು ಮನೆಯವರು ಕಣ್ಣಾರೆ ನೋಡುವುದು ಒಳ್ಳೆಯದು. ಸಾಮಾನ್ಯ ಪರೀಕ್ಷೆಯಲ್ಲಿ ಬಳಸುವ ಆಲ್ಕೋಹಾಲ್ ಮತ್ತು ಕ್ಸೈಲೀನ್ ಎಂಬ ದ್ರಾವಕಗಳು ಕೊಬ್ಬನ್ನು ಕರಗಿಸಿಬಿಡುವುದರಿಂದ, ಕೊಬ್ಬಿಗೇ ಬಣ್ಣ ಹಿಡಿಸುವ ಪರೀಕ್ಷೆ ಬೇಕಿದ್ದಲ್ಲಿ ಶಸ್ತ್ರವೈದ್ಯರು ಪ್ರಯೋಗಾಲಯಕ್ಕೆ ಮುಂಚಿತವಾಗಿಯೇ ತಿಳಿಸಿರಬೇಕು.

ವರದಿಯಲ್ಲಿ ಕ್ಸಾಂಥಿಲಾಸ್ಮಾ (ರೆಪ್ಪೆಯ ಚರ್ಮದಲ್ಲಿ ಕೊಬ್ಬು ಸೇರಿ ಆಗುವ ಹಳದಿ ಗಂಟು) ಎಂದಿದ್ದರೆ ಲಿಪಿಡ್ ಪ್ರೊಫೈಲ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿಕೊಳ್ಳಿ. ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದ ಕೊಬ್ಬಿನಂಶ ಸರಿಯಾಗಿರುವುದಿಲ್ಲ, ಉಳಿದರ್ಧ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ಕ್ಸಾಂಥೋಗ್ರಾನ್ಯುಲೋಮಾ (ಕೊಬ್ಬು ತುಂಬಿದ ಕಣಗಳಿಂದಾದ ಉರಿಯೂತದ ಗಡ್ಡೆ) ಎಂದಿದ್ದರೆ ವಿಷಯ ಬೇರೆ: ಅದರ ಕೆಲವು ಬಗೆಗಳು ರಕ್ತದ ಪ್ರೋಟೀನಿನ ದೋಷದೊಂದಿಗೆ, ಒಂದು ಬಗೆ ದೊಡ್ಡವರಾದ ಮೇಲೆ ಶುರುವಾಗುವ ಉಬ್ಬಸದೊಂದಿಗೆ ಬರುವುದರಿಂದ, ಉಬ್ಬಸವಿದ್ದರೆ ಕಣ್ಣಿನ ವೈದ್ಯರಿಗೂ ಅದನ್ನು ಹೇಳಬೇಕು, ಮುಂದಿನ ತಪಾಸಣೆಗೆ ಫಿಸಿಷಿಯನ್‌ರನ್ನು ಕಾಣಬೇಕು. ಥೈರಾಯ್ಡ್ ತೊಂದರೆಯಿಂದಲೂ ಕಣ್ಣಿನ ಹಿಂದಿನ ಕೊಬ್ಬು ಹೆಚ್ಚಿ ರೆಪ್ಪೆ ಉಬ್ಬುವುದುಂಟು.

ಕೊಬ್ಬು ತೆಗೆದ ಮೇಲೆ, ವಿಶೇಷವಾಗಿ ಮೊದಲ ದಿನ, ಕಣ್ಣಿನಲ್ಲಿ ತಡೆಯಲಾಗದ ನೋವು, ಗುಡ್ಡೆ ಮುಂದೆ ತಳ್ಳಿದಂತಾಗುವುದು, ದೃಷ್ಟಿ ಮಸುಕಾಗುವುದು ಕಂಡರೆ ಅದು ಕಣ್ಣುಗುಡ್ಡೆಯ ಹಿಂಬದಿಯ ರಕ್ತಸ್ರಾವವಿರಬಹುದು. ಒಂದೆರಡು ಗಂಟೆಗಳಲ್ಲಿ ಒತ್ತಡ ಇಳಿಸದಿದ್ದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದಾದ್ದರಿಂದ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ದಾರಿಯಲ್ಲೇ ಫೋನ್ ಮಾಡುತ್ತಾ, ಕಾಸರಗೋಡಾಗಲಿ ಮಂಗಳೂರಾಗಲಿ, ತುರ್ತು ಚಿಕಿತ್ಸೆಯಿರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೊರಡಬೇಕು.